ಕಾನೂನಿನ ಮೂಲವೂ ಟಿಪ್ಪಣಿಯೂ

ತಂದೆಯ ಸೊತ್ತನ್ನು ಮಕ್ಕಳು ಹಂಚಿಕೊಳ್ಳುವಾಗ ಜ್ಯೇಷ್ಠನಿಗೆ ಇಪ್ಪತ್ತನೆಯ ಒಂದಂಶವನ್ನೂ ಇರುವುದರಲ್ಲಿ ಶ್ರೇಷ್ಠವಾದ ವಸ್ತುವನ್ನೂ ಮೊದಲು ತೆಗೆದಿರಿಸಬೇಕೆಂದೂ, ಮಧ್ಯಮನಿಗೆ ಅದರ ಅರ್ಧವನ್ನೂ ಕನಿಷ್ಠನಿಗೆ ಅದರ ಕಾಲುಭಾಗವನ್ನೂ ಕೊಡಬೇಕೆಂದೂ ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದಲ್ಲಿ ವಿಧಿಯಿರುವುದು. ಆ ವಚನವು ಇಂದಿನ ಮುದ್ರಿತ ಪ್ರತಿಗಳಲ್ಲಿಯೂ ಇದೆ. ಅದನ್ನು ಅಳಿಸುವ ಸಾಹಸವನ್ನು ಶಾಸ್ತ್ರಕಾರರು ಮಾಡಲಿಲ್ಲ. ಆದರೆ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ (ಕ್ರಿ. ಶ. ೧೦೭೬–೧೧೨೬) ಕಲ್ಯಾಣದಲ್ಲಿದ್ದು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು, ಇಂತಹ ವಿಷಮವಿಭಾಗವು ಶಾಸ್ತ್ರದಲ್ಲಿ ಕಂಡುಬಂದರೂ ಲೋಕವಿದ್ವಿಷ್ಟವಾದುದರಿಂದ ಆಚರಿಸತಕ್ಕುದಲ್ಲವೆಂದು ನಿರ್ಣಯಿಸಿದನು. ನಿಯೋಗವು ಶಾಸ್ತ್ರೋಕ್ತವಾಗಿದ್ದೂ ಕೈಬಿಡಲ್ಪಟ್ಟಂತೆ ಇದೂ ಎಂಬುದು ಅವನ ದೃಷ್ಟಾಂತ. ಹೀಗೆ ಮೂಲದಲ್ಲಿ ವಿಧಿಯಿದ್ದಿತು. ವ್ಯಾಖ್ಯಾನದಲ್ಲಿ ಅದು ನಿಂತುಹೋಯಿತು. ಕೇವಲ ಮೂಲವನ್ನು ಬಲ್ಲವನು ನ್ಯಾಯಸ್ಥಾನದಲ್ಲಿ ಕುಳಿತರೆ ಕಿರಿಯ ಮಗನಿಗೆ ಅನ್ಯಾಯವಾಗುತ್ತಿದ್ದಿತು, ಅದೂ ಶಾಸ್ತ್ರದ ಹೆಸರಿನಲ್ಲಿಯೇ.

ಕಾನೂನನ್ನು ಹುಡುಕುವುದೆಂದರೆ ವಚನವನ್ನು ಹುಡುಕುವುದೆಂದು ಸಾಮಾನ್ಯರು ತಿಳಿಯುವರು. ವಚನವು ದೊರೆತ ಮೇಲೆ ಅದು ಈಗ ನಡೆಯುವುದೇ, ಯಾರಿಂದ ಎಲ್ಲಿ ಬಾಧಿತವಾಯಿತು ಎಂಬುದನ್ನು ಅರಿಯುವುದೇ ಕಷ್ಟ. ಹಿಂದೆ ಈ ಕಷ್ಟವನ್ನು ಪಾಠಕ್ರಮವೇ ಬಹುಮಟ್ಟಿಗೆ ನೀಗಿಸುತ್ತಿದ್ದಿತು. ಪಾಠಶಾಲೆಯಲ್ಲಿ ಸ್ಮೃತಿಯನ್ನು ವ್ಯಾಖ್ಯಾನವಿಲ್ಲದೆ ಓದಿಸುತ್ತಿರಲಿಲ್ಲ. ಮುಂಬಯಿಯ ನಿರ್ಣಯಸಾಗರ ಮುದ್ರಣಾಲಯದವರು ಅಚ್ಚುಹಾಕಿದ ಯಾಜ್ಞವಲ್ಕ್ಯಸ್ಮೃತಿಯಲ್ಲಿಯೂ ಮಿತಾಕ್ಷರೆಯು ಮೂಲದೊಡನೆಯೇ ಸಾಗುವುದು. ಓದುಗನ ಕಣ್ಣು ಶ್ಲೋಕದಿಂದ ವ್ಯಾಖ್ಯಾನಕ್ಕೆ ಇಳಿಯದೆ ಮುಂದಿನ ಶ್ಲೋಕಕ್ಕೆ ಹೋಗಲಾರದು.

೧೭೭೨ರಲ್ಲಿ ವಾರನ್ ಹೇಸ್ಟಿಂಗ್ಸನು ದಾಯ, ವಿವಾಹ, ಜಾತಿ ಮೊದಲಾದ ವಿಷಯಗಳಲ್ಲಿ ಹಿಂದೂಗಳಿಗೆ ಶಾಸ್ತ್ರದಂತೆಯೂ ಮುಸಲ್ಮಾನರಿಗೆ ಕುರಾನಿನಂತೆಯೂ ನ್ಯಾಯವನ್ನು ನಡೆಸತಕ್ಕುದೆಂದು ವ್ಯವಸ್ಥೆಮಾಡಿದನು. ಶಾಸ್ತ್ರವು ಎಲ್ಲಿದೆಯೆಂಬುದು ಕಂಪೆನಿಯ ಅಧಿಕಾರಿಗಳಿಗೆ ತಿಳಿದಿರಲಿಲ್ಲ. ಹನ್ನೊಂದು ಮಂದಿ ಪಂಡಿತರನ್ನು ಕಲೆಹಾಕಿ ವಿವಾದಾರ್ಣವಸೇತುವೆಂಬ ಸಂಗ್ರಹವನ್ನು ಮಾಡಿಸಿ, ಅದನ್ನು ಪಾರಸಿಗೆ ಪರಿವರ್ತಿಸಿ, ಪಾರಸಿಯಿಂದ ಹಾಲ್‌ಹೆಡ್ಡನು ಇಂಗ್ಲಿಷಿಗೆ ತಂದು ೧೭೭೬ರಲ್ಲಿ ಪ್ರಕಟಿಸಿದನು. ಎರಡು ಭಾಷೆಗಳನ್ನು ದಾಟಿ ಬಂದ ಈ ಗ್ರಂಥದಲ್ಲಿ ವಿಲಿಯಂ ಜೋನ್ಸನಿಗೆ ವಿಶ್ವಾಸವುಂಟಾಗಲಿಲ್ಲ. ನ್ಯಾಯಾಧೀಶನಾಗಿ ೧೭೮೩ರಲ್ಲಿ ಕಲ್ಕತ್ತೆಗೆ ಬಂದ ಜೋನ್ಸನು ಪಂಡಿತರ ಮಾತನ್ನೂ ನಂಬಲಾರದೆ ತಾನೇ ಸಂಸ್ಕೃತವನ್ನು ಕಲಿತನು. ಪಂಡಿತರು ವಾದಿ ಪ್ರತಿವಾದಿಗಳಲ್ಲಿ ಒಬ್ಬನ ಕಡೆಗೆ ಒಲಿದು ತನ್ನನ್ನು ದಾರಿತಪ್ಪಿಸಬಹುದೆಂಬ ಭಯವು ಅವನಿಗೆ ಯಾವಾಗಲೂ ಇದ್ದಿತು. ಈ ಸಂಶಯವು ಸರ್ವಥಾ ನಿರಾಧಾರವಾದುದೆಂದು ಹೇಳಲಾಗದು. ಆದರೆ ಗ್ರಂಥವೊಂದು ಕೈಗೆ ದೊರೆತರೆ ಪಂಡಿತನ ಅಗತ್ಯವು ತಪ್ಪುವುದೆಂಬ ಆಸೆಯೂ ಅದರೊಡನೆ ಬೆರೆತಿದ್ದಿತು. ಆ ಆಸೆಯು ಇಂದಿಗೂ ಬೇರೆ ಬೇರೆ ವೇಷಗಳಲ್ಲಿ ಕಾಣಿಸಿಕೊಳ್ಳುತ್ತಿರುವುದು. ಜೋನ್ಸನ ಯೋಜನೆಯಂತೆ ಜಗನ್ನಾಥ ತರ್ಕಪಂಚಾನನರು ವಿವಾದಭಂಗಾರ್ಣವವನ್ನು ಸಂಕಲಿಸಿದರು. ಜೋನ್ಸನು ೧೭೯೪ರಲ್ಲಿ ತೀರಿಕೊಂಡುದರಿಂದ ಅದನ್ನು ಭಾಷಾಂತರಿಸುವ ಕೆಲಸವು ಕೋಲ್‌ಬ್ರೂಕನ ಪಾಲಿಗೆ ಬಂದಿತು.

ಕೋಲ್‌ಬ್ರೂಕನು ಉಳಿದವರಿಗಿಂತ ಒಂದು ಹೆಜ್ಜೆ ಮುಂದೆ ಹೋದನು. ವಚನಗಳ ರಾಶಿಯಿಂದ ವ್ಯವಹಾರವು ನಡೆಯದೆಂಬುದನ್ನೂ, ಒಂದೊಂದು ದೇಶದಲ್ಲಿ ಒಂದೊಂದು ವ್ಯಾಖ್ಯಾನವು ಪ್ರಮಾಣವಾಗಿ ಸಲ್ಲುವುದೆಂಬುದನ್ನೂ ಕಂಡುಕೊಂಡು ೧೮೧೦ರಲ್ಲಿ ಬಂಗಾಳದ ಜೀಮೂತವಾಹನನ ದಾಯಭಾಗವನ್ನೂ ಮಿತಾಕ್ಷರೆಯ ದಾಯವಿಭಾಗಪ್ರಕರಣವನ್ನೂ ಇಂಗ್ಲಿಷಿನಲ್ಲಿ ಹೊರತಂದನು. ಕಲ್ಯಾಣದ ಗ್ರಂಥವೊಂದು ಬಂಗಾಳವನ್ನುಳಿದು ಭಾರತದ ಬಹುಭಾಗಕ್ಕೆ ನ್ಯಾಯಾಲಯಗಳ ಕೈಪಿಡಿಯಾದುದು ಹೀಗೆ. ಆದರೂ ಭಾಷಾಂತರವಾದ ಭಾಗವೇ ಮಿತಾಕ್ಷರೆಯೆಂಬಂತಾಗಿ, ಇಂಗ್ಲಿಷಿಗೆ ಬಾರದುದು ನ್ಯಾಯಾಧೀಶರ ದೃಷ್ಟಿಗೆ ಬೀಳದೆ ಹೋಯಿತು.

ಈ ನಡುವೆ ನ್ಯಾಯಾಲಯದ ಪಂಡಿತರು ಕೇಳಿದ ಪ್ರಶ್ನೆಗಳಿಗೆ ವ್ಯವಸ್ಥಾಪತ್ರಗಳನ್ನು ಬರೆದುಕೊಡುತ್ತಿದ್ದರು. ಅವುಗಳಲ್ಲಿ ಹಲವನ್ನು ಮ್ಯಾಕ್ನಾಟನನು ೧೮೨೯ರಲ್ಲಿ ಪ್ರಕಟಿಸಿದನು. ಮುಂಬಯಿ ಆಧಿಪತ್ಯದ ಶಾಸ್ತ್ರಿಗಳ ಉತ್ತರಗಳನ್ನು ವೆಸ್ಟ್ ಮತ್ತು ಬ್ಯೂಲರ್ ಎಂಬವರು ೧೮೬೭ರಿಂದ ಸಂಗ್ರಹಿಸಿ ಅಚ್ಚುಹಾಕಿಸಿದರು. ಧಾರವಾಡ ಬೆಳಗಾವಿಗಳು ಆ ಆಧಿಪತ್ಯಕ್ಕೆ ಸೇರಿದ್ದುವಾದುದರಿಂದ ಕನ್ನಡನಾಡಿನ ಧರ್ಮಶಾಸ್ತ್ರದ ಇತಿಹಾಸವನ್ನು ಬರೆಯುವವರು ಈ ಸಂಪುಟವನ್ನು ಉಪೇಕ್ಷಿಸಕೂಡದು. ೧೮೬೪ರ ಹನ್ನೊಂದನೆಯ ಆಕ್ಟಿನಿಂದ ಪಂಡಿತರ ಹುದ್ದೆಗಳೂ ಮೌಲವಿಗಳ ಹುದ್ದೆಗಳೂ ರದ್ದಾದುವು. ಗ್ರಂಥಗಳು ಸಾಕಷ್ಟು ಭಾಷಾಂತರವಾಗಿವೆ, ತೀರ್ಪುಗಳು ಸಾಕಷ್ಟು ಕೂಡಿವೆ ಎಂಬುದು ಕಾರಣ. ನಾಲ್ಕು ವರ್ಷಗಳ ಮೇಲೆ, ೧೮೬೮ರಲ್ಲಿ, ರಾಮನಾಡು ಸಂಸ್ಥಾನದ ದತ್ತಕದ ವ್ಯಾಜ್ಯದಲ್ಲಿ ಪ್ರಿವಿ ಕೌನ್ಸಿಲಿನವರು, ಸ್ಪಷ್ಟವಾಗಿ ಸಿದ್ಧಪಟ್ಟ ರೂಢಿಯು ಬರೆದ ವಚನಕ್ಕಿಂತ ಬಲವತ್ತರವೆಂದೂ, ಪ್ರಾಚೀನ ವಚನದಿಂದ ಏನು ಹೊರಡುವುದೆಂಬುದಕ್ಕಿಂತ ಆ ದೇಶದ ಸಂಪ್ರದಾಯವು ಯಾವುದನ್ನು ಸ್ವೀಕರಿಸಿದೆಯೆಂಬುದನ್ನೇ ನ್ಯಾಯಾಧೀಶನು ವಿಚಾರಿಸಬೇಕೆಂದೂ ಹೇಳಿದರು. ಸಂಪ್ರದಾಯವನ್ನು ಹೇಳಬಲ್ಲವರನ್ನು ಮನೆಗೆ ಕಳುಹಿಸಿದ ಬಳಿಕ ಸಂಪ್ರದಾಯಕ್ಕೆ ಪಟ್ಟಕಟ್ಟಿದಂತಾಯಿತು. ಅಂದಿನಿಂದ ಸಂಪ್ರದಾಯವೆಂದರೆ ಹಿಂದಿನ ತೀರ್ಪುಗಳು. ೧೮೭೫ರ ಆಕ್ಟಿನಿಂದ ಇಂಡಿಯನ್ ಲಾ ರಿಪೋರ್ಟ್ಸ್ ಎಂಬ ಸರಕಾರೀ ಸಂಪುಟಗಳು ಹೊರಟುವು. ೧೯೧೪ರಿಂದ ಆಲ್ ಇಂಡಿಯಾ ರಿಪೋರ್ಟರ್ ಸೇರಿಕೊಂಡಿತು. ವ್ಯಾಖ್ಯಾತೃವಿನ ಪೀಠದಲ್ಲಿ ತೀರ್ಪು ಕುಳಿತಿತು. ಆದರೆ ಆಕ್ಟಿನ ಪುಸ್ತಕ ಒಂದು ಕಪಾಟಿನಲ್ಲಿ, ತೀರ್ಪಿನ ಸಂಪುಟ ಮತ್ತೊಂದರಲ್ಲಿ. ಮೂಲವೂ ವ್ಯಾಖ್ಯಾನವೂ ಒಂದೇ ಪುಟದಲ್ಲಿದ್ದ ಕಾಲವು ಕಳೆಯಿತು.

ಟಿಪ್ಪಣಿಯ ಮಾತು ಹಾಗಿರಲಿ, ಮೂಲವೇ ಪ್ರಜೆಗಳಿಗೆ ಕಾಣದಿದ್ದರೇನು ಗತಿ? ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿ ೧೯೦೯ರಲ್ಲಿ ಮುದ್ರಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಕ್ಷಪಟಲವೆಂಬ ಲೆಕ್ಕದ ಕಛೇರಿಯ ವರ್ಣನೆಯುಂಟು. ದೇಶ, ಗ್ರಾಮ, ಜಾತಿ, ಕುಲ, ಸಂಘಗಳ ಧರ್ಮವ್ಯವಹಾರಗಳನ್ನೂ ಚರಿತ್ರಗಳನ್ನೂ ಅಲ್ಲಿಯ ನಿಬಂಧಪುಸ್ತಕಗಳಲ್ಲಿ ಬರೆದಿಡಬೇಕೆಂದು ವಿಧಿ. ಇದು ರಾಜನ ಉಪಯೋಗಕ್ಕಾಗಿ ಇಟ್ಟ ದಾಖಲೆಯೇ ಹೊರತು ಪ್ರಜೆಯು ಬಂದು ನೋಡತಕ್ಕ ಪುಸ್ತಕವೆಂದು ತೋರುವುದಿಲ್ಲ. ಪ್ರಜೆಗೆ ತಿಳಿಸುವುದಕ್ಕೆ ಡಂಗುರವೂ ಕಲ್ಲಿನ ಶಾಸನವೂ ಇದ್ದುವು.

ಸ್ವತಂತ್ರ ಭಾರತದಲ್ಲಿ ಈ ಪ್ರಶ್ನೆಯು ೧೯೫೧ರಲ್ಲಿಯೇ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು. ಜಯಪುರ ಸಂಸ್ಥಾನದ ಮಂತ್ರಿಸಭೆಯು ೧೯೨೩ರಲ್ಲಿ ಅಫೀಮಿನ ಕಾನೂನೊಂದನ್ನು ನಿರ್ಣಯರೂಪವಾಗಿ ಅಂಗೀಕರಿಸಿ ಎಲ್ಲಿಯೂ ಪ್ರಕಟಿಸದೆ ಇಟ್ಟುಕೊಂಡಿದ್ದಿತು. ಅದರಂತೆ ಹರ್ಲಾ ಎಂಬವನಿಗೆ ಐವತ್ತು ರೂಪಾಯಿ ದಂಡವಾಯಿತು. ಐವತ್ತು ರೂಪಾಯಿಯ ವ್ಯಾಜ್ಯವು ದೆಹಲಿಯವರೆಗೆ ಹೋದುದು ಪುಣ್ಯವೇ ಸರಿ. ಮಂತ್ರಾಲೋಚನೆಯ ಕೊಠಡಿಯೊಳಗೆ ಅಂಗೀಕರಿಸಿ ಯಾರಿಗೂ ತಿಳಿಸದ ನಿರ್ಣಯದಿಂದ ಪ್ರಜೆಯನ್ನು ದಂಡಿಸುವುದು ಸಹಜನ್ಯಾಯಕ್ಕೆ ವಿರುದ್ಧವೆಂದು ನ್ಯಾಯಮೂರ್ತಿ ವಿವಿಯನ್ ಬೋಸರು ತೀರ್ಪಿತ್ತರು. ೧೯೬೨ರ ಮತ್ತೊಂದು ಸಂಗತಿಯಲ್ಲಿ ಜೂರಿಕ್ಕಿನಿಂದ ಮನಿಲಾಕ್ಕೆ ವಿಮಾನದಲ್ಲಿ ಚಿನ್ನವನ್ನೊಯ್ಯುತ್ತಿದ್ದ ಪರದೇಶಿಯೊಬ್ಬನು ಮುಂಬಯಿಯಲ್ಲಿ ಸಿಕ್ಕಿಬಿದ್ದನು. ಆ ಚಿನ್ನವನ್ನು ತಡೆಯುವ ರಿಸರ್ವ್ ಬ್ಯಾಂಕಿನ ಪ್ರಕಟಣೆಯು ರಾಜಪತ್ರದಲ್ಲಿ ಬಂದು ನಾಲ್ಕೇ ದಿನಗಳಾಗಿದ್ದುವು. ರಾಜಪತ್ರದಲ್ಲಿ ಅಚ್ಚಾದರೆ ಸಾಕು, ಅವನು ಓದಿದನೇ ಇಲ್ಲವೇ ಎಂಬುದು ಅಪ್ರಸ್ತುತವೆಂದು ಬಹುಮತದ ತೀರ್ಪು. ನ್ಯಾಯಮೂರ್ತಿ ಸುಬ್ಬರಾಯರು ಭಿನ್ನಾಭಿಪ್ರಾಯವನ್ನು ಬರೆದರು. ಬೆಂಗಳೂರಿನ ನಗರಯೋಜನೆಗೆ ಸಂಬಂಧಿಸಿದ ಬಿ. ಕೆ. ಶ್ರೀನಿವಾಸನ್ ವ್ಯಾಜ್ಯದಲ್ಲಿ (೧೯೮೭) ಅಧೀನ ನಿಯಮಗಳಿಗೂ ಪ್ರಕಟನೆಯು ಅವಶ್ಯವೆಂದು ಸ್ಥಿರವಾಯಿತು.

ಕೇಂದ್ರ ಸರಕಾರದ ರಾಜಪತ್ರವು ೨೦೧೫ರ ಅಕ್ಟೋಬರಿನಿಂದ ಕಾಗದವನ್ನು ಬಿಟ್ಟು ವಿದ್ಯುನ್ಮಾನರೂಪವನ್ನು ತಾಳಿತು. ಅದರಿಂದ ಪ್ರಕಟನೆಯ ದಿನವಲ್ಲದೆ ಗಳಿಗೆಯೂ ವಿವಾದಾಸ್ಪದವಾಯಿತು. ೨೦೧೯ರ ಫೆಬ್ರವರಿ ೧೬ರಂದು ಪಾಕಿಸ್ತಾನದಿಂದ ಬರುವ ಸರಕುಗಳ ಸುಂಕವನ್ನು ನೂರಕ್ಕೆ ಇನ್ನೂರಕ್ಕೆ ಏರಿಸಿದ ಪ್ರಕಟಣೆಯು ರಾತ್ರಿ ೮ ಗಂಟೆ ೪೬ ನಿಮಿಷ ೫೮ ಸೆಕೆಂಡಿಗೆ ಅಂತರ್ಜಾಲದಲ್ಲಿ ಏರಿತು. ಅದೇ ದಿನ ಅದಕ್ಕೆ ಮೊದಲೇ ಅಟ್ಟಾರಿಯ ಸುಂಕದ ಕಟ್ಟೆಗೆ ಬಂದು ಪತ್ರಗಳನ್ನೊಪ್ಪಿಸಿದ್ದ ವರ್ತಕರು ಹೊಸ ಸುಂಕವನ್ನು ತೆರಬೇಕಾಗಿಲ್ಲವೆಂದು ೨೦೨೦ರಲ್ಲಿ ಸರ್ವೋಚ್ಚ ನ್ಯಾಯಾಲಯವು ನಿರ್ಣಯಿಸಿತು. ಅದೇ ವರ್ಷದ ಜನವರಿಯಲ್ಲಿ ಅನುರಾಧಾ ಭಾಸಿನ್ ಪ್ರಕರಣದಲ್ಲಿ, ಜಮ್ಮು ಕಾಶ್ಮೀರದ ಅಂತರ್ಜಾಲವನ್ನು ನಿಲ್ಲಿಸಿದ ಆಜ್ಞೆಗಳೆಲ್ಲವನ್ನೂ ನ್ಯಾಯಾಲಯದ ಮುಂದಿಡಲು ಸರಕಾರವು ಹಿಂದೆಗೆದಾಗ, ಅಂತಹ ಆಜ್ಞೆಗಳನ್ನು ಪ್ರಕಟಿಸಲೇಬೇಕೆಂದು ವಿಧಿಸಲಾಯಿತು. ಹರ್ಲಾನ ಐವತ್ತು ರೂಪಾಯಿಯ ನ್ಯಾಯವು ಎಪ್ಪತ್ತು ವರ್ಷಗಳ ತರುವಾಯವೂ ಬೇಕಾಗಿ ಬಂದಿತು.

ಇಷ್ಟು ಮೂಲದ ವಿಚಾರ. ಟಿಪ್ಪಣಿಯ ಅಭಾವದಿಂದಾದ ಅನರ್ಥಕ್ಕೆ ಮಾಹಿತಿ ತಂತ್ರಜ್ಞಾನ ಆಕ್ಟಿನ ೬೬ಎ ಕಲಮಿಗಿಂತ ಸ್ಪಷ್ಟವಾದ ಉದಾಹರಣೆಯು ದೊರೆಯದು. ಆ ಆಕ್ಟು ೨೦೦೦ದ್ದು. ಈ ಕಲಮು ೨೦೦೮ರ ತಿದ್ದುಪಡಿಯಿಂದ ಸೇರಿ ೨೦೦೯ರ ಅಕ್ಟೋಬರ್ ೨೭ರಿಂದ ಜಾರಿಗೆ ಬಂದಿತು. ಗಣಕಯಂತ್ರದ ಮೂಲಕ ಅತ್ಯಂತ ನಿಂದಾತ್ಮಕವಾದ ಅಥವಾ ಬೆದರಿಕೆಯ ಮಾತನ್ನು, ಇಲ್ಲವೆ ಸುಳ್ಳೆಂದು ತಿಳಿದೂ ಕಿರುಕುಳಕ್ಕಾಗಿ ಸುದ್ದಿಯನ್ನು ಕಳುಹಿಸಿದವರಿಗೆ ಮೂರು ವರ್ಷಗಳವರೆಗೆ ಸೆರೆವಾಸವೂ ದಂಡವೂ ಇದರಲ್ಲಿ ಹೇಳಲ್ಪಟ್ಟಿದ್ದುವು. ಕಿರುಕುಳವೆಂದರೇನೆಂಬುದಕ್ಕೆ ಲಕ್ಷಣವಿರಲಿಲ್ಲ, ಲಕ್ಷಣವಿಲ್ಲದ ಪದವು ದಂಡವಿಧಿಯಲ್ಲಿ ಸೇರಿದರೆ ಅತಿವ್ಯಾಪ್ತಿದೋಷವು ಕೇವಲ ತಾರ್ಕಿಕರ ಚಿಂತೆಯಾಗಿ ಉಳಿಯದು. ೨೦೧೨ರ ನವೆಂಬರಿನಲ್ಲಿ ಮುಂಬಯಿಯ ಬಂದ್ ಕುರಿತು ಆಡಿದ ಮಾತಿಗಾಗಿ ಪಾಲ್ಘರಿನಲ್ಲಿ ಇಬ್ಬರು ಯುವತಿಯರನ್ನು ಬಂಧಿಸಲಾಯಿತು. ಅದರಿಂದ ಕಳವಳಗೊಂಡ ಕಾನೂನು ವಿದ್ಯಾರ್ಥಿನಿಯಾದ ಶ್ರೇಯಾ ಸಿಂಘಲ್ ಸಲ್ಲಿಸಿದ ಅರ್ಜಿಯ ಮೇಲೆ ೨೦೧೫ರ ಮಾರ್ಚ್ ೨೪ರಂದು ಸರ್ವೋಚ್ಚ ನ್ಯಾಯಾಲಯವು ಈ ಕಲಮು ಸಂವಿಧಾನದ ವಾಕ್‌ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ಸಂಪೂರ್ಣವಾಗಿ ರದ್ದುಮಾಡಿತು.

ಕಲಮು ಸತ್ತಿತು, ಪುಸ್ತಕದಲ್ಲಿ ಬದುಕಿತ್ತು. ನ್ಯಾಯಾಲಯವು ಶಾಸನವನ್ನು ಅಸಿಂಧುವೆನ್ನಬಹುದೇ ಹೊರತು ಅದರ ಅಕ್ಷರಗಳನ್ನು ಅಳಿಸಲಾರದು. ಅದು ಸಂಸತ್ತಿನ ಕೆಲಸ. ಪೊಲೀಸರು ಅದೇ ಕಲಮಿನ ಕೆಳಗೆ ದೂರುಗಳನ್ನು ದಾಖಲಿಸುತ್ತಲೇ ಬಂದರು. ಕೆಳಗಣ ನ್ಯಾಯಾಲಯಗಳಲ್ಲಿ ವಿಚಾರಣೆಗಳೂ ನಡೆದುವು. ೨೦೧೯ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿನ ಪ್ರತಿಗಳನ್ನು ಎಲ್ಲ ಹೈಕೋರ್ಟುಗಳಿಗೂ ರಾಜ್ಯಗಳ ಮುಖ್ಯ ಕಾರ್ಯದರ್ಶಿಗಳಿಗೂ ಕಳುಹಿಸಬೇಕೆಂದು ಆಜ್ಞಾಪಿಸಿತು. ಅದರಿಂದಲೂ ಪ್ರಯೋಜನವಾಗಲಿಲ್ಲ. ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಸಂಸ್ಥೆಯವರು ೨೦೨೧ರಲ್ಲಿ ತಂದ ಅರ್ಜಿಯಲ್ಲಿ ಹನ್ನೊಂದು ರಾಜ್ಯಗಳ ಜಿಲ್ಲಾ ನ್ಯಾಯಾಲಯಗಳಲ್ಲಿ ೭೪೫ ಮೊಕದ್ದಮೆಗಳು ಇನ್ನೂ ನಡೆಯುತ್ತಿರುವುದಾಗಿ ಲೆಕ್ಕವನ್ನೊಪ್ಪಿಸಿದರು. ಆ ವರ್ಷದ ಜುಲೈ ೫ರಂದು ನ್ಯಾಯಮೂರ್ತಿಗಳು ಆಶ್ಚರ್ಯವನ್ನೂ ಖೇದವನ್ನೂ ವ್ಯಕ್ತಪಡಿಸಿದಾಗ ಅಟಾರ್ನಿ ಜನರಲ್ ಕೆ. ಕೆ. ವೇಣುಗೋಪಾಲರು ಕೊಟ್ಟ ಸಮಾಧಾನವು ಗಮನಾರ್ಹವಾಗಿರುವುದು. ಆಕ್ಟಿನ ಪುಸ್ತಕದಲ್ಲಿ ಕಲಮು ಹಾಗೆಯೇ ಅಚ್ಚಾಗಿರುವುದು. ರದ್ದಾಗಿದೆಯೆಂಬ ಸಂಗತಿಯು ಪುಟದ ಕೆಳಗೆ ಅಡಿಟಿಪ್ಪಣಿಯಲ್ಲಿ ಮಾತ್ರ ಇರುವುದು. ಠಾಣೆಯ ಅಧಿಕಾರಿಯು ಕಲಮನ್ನು ನೋಡಿ ಬರೆದುಕೊಳ್ಳುವನೇ ಹೊರತು ಟಿಪ್ಪಣಿಯನ್ನು ಓದುವುದಿಲ್ಲ ಎಂಬುದು ಅವರ ಮಾತಿನ ತಾತ್ಪರ್ಯ.

ಶಾಸ್ತ್ರಪಾಠವನ್ನು ಬಲ್ಲವರಿಗೆ ಇದು ನಗೆ ತರುವ ಸಮಾಧಾನವಾಗಿ ತೋರಬಹುದು. ಆದರೆ ಅದು ನಿಜವಾದ ಸಮಾಧಾನ. ವಿಜ್ಞಾನೇಶ್ವರನ ಕಾಲದಲ್ಲಿ ಉದ್ಧಾರವಿಭಾಗದ ನಿಷೇಧವು ಅಡಿಟಿಪ್ಪಣಿಯಾಗಿರಲಿಲ್ಲ. ವ್ಯಾಖ್ಯಾನದ ಶರೀರವೇ ಆಗಿದ್ದಿತು. ಓದುವ ಕ್ರಮವೂ ಹಾಗೆಯೇ ಇದ್ದಿತು. ಇಂದಿನ ಆಕ್ಟಿನ ಪುಸ್ತಕದಲ್ಲಿ ಮೂಲಕ್ಕೆ ದೊಡ್ಡ ಅಚ್ಚು, ಟಿಪ್ಪಣಿಗೆ ಸಣ್ಣ ಅಚ್ಚು. ಬಲಾಬಲವು ಮಾತ್ರ ಅದಲುಬದಲು. ೨೦೨೨ರ ಅಕ್ಟೋಬರ್ ೧೨ರಂದು ಸರ್ವೋಚ್ಚ ನ್ಯಾಯಾಲಯವು ೬೬ಎ ಕಲಮಿನ ಕೆಳಗೆ ಯಾವ ಪ್ರಜೆಯನ್ನೂ ವಿಚಾರಣೆಗೆ ಗುರಿಪಡಿಸಕೂಡದೆಂದು ಆಜ್ಞೆಮಾಡಿತು. ಅದರೊಡನೆ, ಸರಕಾರಿಯಾಗಲಿ ಖಾಸಗಿಯಾಗಲಿ ಈ ಆಕ್ಟನ್ನು ಅಚ್ಚುಹಾಕುವ ಯಾವ ಪ್ರಕಟಣೆಯಲ್ಲಿಯಾದರೂ ಈ ಕಲಮು ಸೇರಿದ್ದರೆ, ಅದು ಸಂವಿಧಾನವಿರುದ್ಧವೆಂದು ನಿರ್ಣೀತವಾಗಿರುವುದನ್ನು ಓದುಗರಿಗೆ ಚೆನ್ನಾಗಿ ತಿಳಿಸಬೇಕೆಂದೂ ವಿಧಿಸಿತು. ಗ್ರಂಥಸಂಪಾದನೆಯ ನಿಯಮವೊಂದು ದೇಶದ ಅತ್ಯುನ್ನತ ನ್ಯಾಯಪೀಠದಿಂದ ಹೊರಟುದು ಸಂಪಾದಕರಾದವರು ನೆನಪಿನಲ್ಲಿಡತಕ್ಕ ಸಂಗತಿ.

ಅದೇ ೨೦೧೫ರ ತೀರ್ಪು ೭೯ನೆಯ ಕಲಮನ್ನು ರದ್ದುಮಾಡದೆ ಅದಕ್ಕೆ ಸಂಕುಚಿತಾರ್ಥವನ್ನು ಕಲ್ಪಿಸಿತು. ಇತರರ ಬರಹವನ್ನು ಪ್ರಸಾರಮಾಡುವ ಸಂಸ್ಥೆಗಳು ಯಾವಾಗ ಅದನ್ನು ತೆಗೆದುಹಾಕಬೇಕೆಂಬುದು ಆ ಕಲಮಿನ ವಿಷಯ. ೨೦೨೫ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನ ಏಕಸದಸ್ಯಪೀಠವು, ಆ ಅರ್ಥಕಲ್ಪನೆಯು ೨೦೧೧ರ ನಿಯಮಗಳನ್ನು ಕುರಿತುದು, ೨೦೨೧ರ ಹೊಸ ನಿಯಮಗಳಿಗೆ ಅದನ್ನು ಹಾಗೆಯೇ ಸಾಗಿಸಲಾಗದೆಂದು ಹೇಳಿತು. ಈಗ ಟಿಪ್ಪಣಿಗೂ ಒಂದು ಟಿಪ್ಪಣಿಯು ಬೇಕಾಯಿತು. ಖಾಸಗಿತನವು ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ೨೦೧೭ರ ಆಗಸ್ಟ್ ೨೪ರಂದು ಸಾರಿತು. ಅದಕ್ಕೆ ಅರ್ಜಿದಾರರಾಗಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಆ ಹಕ್ಕಿನ ರಕ್ಷಣೆಗೆಂದು ಬಂದ ವೈಯಕ್ತಿಕ ದತ್ತಾಂಶದ ಆಕ್ಟಿಗೆ ೨೦೨೩ರ ಆಗಸ್ಟಿನಲ್ಲಿ ಅಂಕಿತ ಬಿದ್ದರೂ ಅದರ ನಿಯಮಗಳು ಹೊರಟುದು ೨೦೨೫ರ ನವೆಂಬರಿನಲ್ಲಿ, ಅದೂ ಹಂತಹಂತವಾಗಿ ಜಾರಿಗೆ ಬರುವಂತೆ. ಆದರೆ ಅದರ ೪೪ನೆಯ ಕಲಮಿನಲ್ಲಿ ಅಡಗಿದ್ದ ಒಂದು ಉಪವಾಕ್ಯವು ಆ ನವೆಂಬರಿನಲ್ಲಿಯೇ ಜಾರಿಗೆ ಬಂದು ೨೦೦೫ರ ಮಾಹಿತಿ ಹಕ್ಕಿನ ಆಕ್ಟಿನ ಎಂಟನೆಯ ಕಲಮನ್ನು ಮಾರ್ಪಡಿಸಿತು. ಮಾಹಿತಿ ಹಕ್ಕಿನ ಹಳೆಯ ಪುಸ್ತಕವನ್ನು ಕೈಯಲ್ಲಿ ಹಿಡಿದು ಅರ್ಜಿ ಬರೆಯುವವನಿಗೆ ಇದು ಎಲ್ಲಿಂದ ತಿಳಿಯಬೇಕು?

ತೀರ್ಪುಗಳು ದೊರೆಯುವ ಸ್ಥಳಗಳು ಈಚೆಗೆ ವಿಸ್ತಾರವಾಗಿರುವುವು. ೨೦೦೭ರಲ್ಲಿ ಈಸ್ಟರ್ನ್ ಬುಕ್ ಕಂಪೆನಿ ಮತ್ತು ಮೋಡಕ್ ಎಂಬವರ ವ್ಯಾಜ್ಯದಲ್ಲಿ, ತೀರ್ಪಿನ ಮಾತುಗಳು ಯಾರ ಸೊತ್ತೂ ಅಲ್ಲವೆಂದೂ, ಪ್ರಕಾಶಕರು ಶ್ರಮದಿಂದ ಸೇರಿಸಿದ ಕಂಡಿಕೆಗಳ ವಿಂಗಡಣೆ ಮೊದಲಾದುವು ಮಾತ್ರ ಅವರವೆಂದೂ ನಿರ್ಣಯವಾಯಿತು. ೨೦೦೮ರಿಂದ ಇಂಡಿಯನ್ ಕಾನೂನ್ ಎಂಬ ಖಾಸಗಿ ಸಂಗ್ರಹವು ಧನಾಪೇಕ್ಷೆಯಿಲ್ಲದೆ ತೀರ್ಪುಗಳನ್ನು ಓದಲು ಕೊಟ್ಟಿತು. ಸರ್ವೋಚ್ಚ ನ್ಯಾಯಾಲಯವೇ ೨೦೨೩ರ ಜನವರಿಯಲ್ಲಿ ತನ್ನ ಸುಮಾರು ೩೪,೦೦೦ ತೀರ್ಪುಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ತೆರೆದಿಟ್ಟು, ಆ ವರ್ಷವೇ ಯಾವ ಪ್ರಕಾಶಕನನ್ನೂ ಆಶ್ರಯಿಸದ ಉಲ್ಲೇಖಸಂಖ್ಯೆಯನ್ನೂ ಏರ್ಪಡಿಸಿತು. ಒಂದೇ ತೀರ್ಪಿಗೆ ನಾಲ್ಕು ಸಂಪುಟಗಳ ನಾಲ್ಕು ಹೆಸರುಗಳಿದ್ದ ಗೊಂದಲವು ಇದರಿಂದ ಕಡಮೆಯಾಗುವುದು.

ಆಕರಗಳು ಹೆಚ್ಚಿದಂತೆ ನಿರಾಕರವಚನಗಳೂ ಹೆಚ್ಚಿದುವು. ೨೦೨೩ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯವೊಂದರಲ್ಲಿ ವಕೀಲರು ಗಣಕಯಂತ್ರವು ತಾನೇ ಹೊಸೆದುಕೊಟ್ಟ, ಎಲ್ಲಿಯೂ ಇಲ್ಲದ ತೀರ್ಪುಗಳನ್ನು ಉದಾಹರಿಸಿ ೫,೦೦೦ ಡಾಲರ್ ದಂಡ ತೆತ್ತರು. ೨೦೨೫ರ ಮಾರ್ಚಿಯಲ್ಲಿ ಕರ್ನಾಟಕ ಹೈಕೋರ್ಟು, ಇಲ್ಲದ ತೀರ್ಪುಗಳನ್ನು ಪ್ರಮಾಣವಾಗಿಟ್ಟುಕೊಂಡ ಬೆಂಗಳೂರಿನ ಕೆಳನ್ಯಾಯಾಲಯದ ಆಜ್ಞೆಯೊಂದನ್ನು ಕಂಡು ವಿಚಾರಣೆಗೆ ಸೂಚಿಸಿತು. ಇದು ಹೊಸ ರೋಗವಲ್ಲ. ದತ್ತಕದ ವ್ಯಾಜ್ಯಗಳಲ್ಲಿ ಬಹುಕಾಲ ಮನ್ನಣೆ ಪಡೆದ ದತ್ತಕಚಂದ್ರಿಕೆಯು ಈಚಿನ ಕೃತಕಗ್ರಂಥವೆಂಬ ಸಂಶಯವು ವಿದ್ವಾಂಸರಲ್ಲಿ ಹಿಂದಿನಿಂದಲೂ ಇರುವುದು. ನಿಬಂಧಕಾರರು ಆಕರ ದೊರೆಯದ ವಚನವನ್ನು ನಿರ್ಮೂಲವೆಂದು ತಳ್ಳಿಹಾಕುತ್ತಿದ್ದರು. ಹಾಗೆ ಹೇಳಬೇಕಾದರೆ ಇರುವ ವಚನಗಳೆಲ್ಲವೂ ಬಾಯಲ್ಲಿರಬೇಕಾಗಿದ್ದಿತು. ಇಂದು ಹುಡುಕಿ ನೋಡುವ ತಾಳ್ಮೆಯಿದ್ದರೆ ಸಾಕು.

ಸಂವಿಧಾನದ ೩೪೮ನೆಯ ಅನುಚ್ಛೇದದಂತೆ ಸರ್ವೋಚ್ಚ ನ್ಯಾಯಾಲಯದ ವ್ಯವಹಾರವು ಇಂಗ್ಲಿಷಿನಲ್ಲಿಯೇ ನಡೆಯುವುದು. ೨೦೧೯ರ ನವೆಂಬರಿನಲ್ಲಿ ಆರಂಭವಾದ ಸುವಾಸ್ ಎಂಬ ಯಂತ್ರಾನುವಾದ ವ್ಯವಸ್ಥೆಯಿಂದ ತೀರ್ಪುಗಳು ಕನ್ನಡವೇ ಮೊದಲಾದ ದೇಶಭಾಷೆಗಳಿಗೂ ಬರತೊಡಗಿದುವು. ಹಾಲ್‌ಹೆಡ್ಡನ ಕಾಲದಲ್ಲಿ ಸಂಸ್ಕೃತವು ಪಾರಸಿಯ ಮೂಲಕ ಇಂಗ್ಲಿಷಿಗೆ ಹೋದ ದಾರಿಯು ಈಗ ತಿರುಗಿದಂತಿದೆ. ಇಂತಹ ಅನುವಾದಗಳೊಡನೆ ಒಂದು ಟಿಪ್ಪಣಿಯು ಇರುವುದು: ಇದು ಕಕ್ಷಿಗಾರನು ತನ್ನ ಭಾಷೆಯಲ್ಲಿ ತಿಳಿದುಕೊಳ್ಳುವುದಕ್ಕೆ ಮಾತ್ರ, ಬೇರೆ ಯಾವ ಉದ್ದೇಶಕ್ಕೂ ಬಳಸಕೂಡದು, ಇಂಗ್ಲಿಷಿನ ಪಾಠವೇ ಪ್ರಮಾಣ ಎಂಬುದು ಅದರ ಅರ್ಥ. ಕನ್ನಡದಲ್ಲಿ ಕಾನೂನನ್ನು ಓದುವವನು ಈ ಟಿಪ್ಪಣಿಯನ್ನಂತೂ ಬಿಡುವಂತಿಲ್ಲ.